ಬಳ್ಳಿಗಳನ್ನು ವಿಧವೆ ಮಾಡಿದವರು

ಪ್ರಾದೆಲ್ಲಾ ತೋಟ, ಸೊರ್ಬಾರಾ
೨೪ ಜೂನ್ ೧೯೭೩, ಸಂತ ಜೊವಾನ್ನಿಯ ದಿನ

ಪ್ರೀತಿಯ ಮಗಳು ವಾನ್ನಾಳಿಗೆ,

ನಾನು ಕ್ಷೇಮ. ನಿನ್ನ ಕ್ಷೇಮ ವಿಚಾರಿಸುವ ಮುಖ ನನಗಿಲ್ಲ. ನಿನ್ನ ಮೂರು ಕಾಗದಗಳು ಮೇಜಿನ ಖಾನೆಯಲ್ಲಿ ಕೂತು ನನ್ನನ್ನೇ ನೋಡುತ್ತಿವೆ. ತಡವಾಯಿತು, ತಪ್ಪು ನನ್ನದೇ. ಈ ಹಾಳೆಯ ಅಂಚಿನ ಕಂದು ಕಲೆ ಕಂಡು ಗಾಬರಿಯಾಗಬೇಡ, ಅದು ಆಕ್ರೋಡಿನ ಹಸಿಕಾಯಿಯದು. ಇವತ್ತು ಬೆಳಿಗ್ಗೆ ಹೆಂಗಸರೆಲ್ಲ ಸೇರಿ ಕಾಯಿ ಕಿತ್ತು, ಹೆಚ್ಚಿ, ಸಾರಾಯಿಗೆ ಹಾಕಿಟ್ಟೆವು. ಪ್ರತಿ ವರ್ಷ ಹಾಡು ಹೇಳುತ್ತ ಕೀಳುತ್ತಿದ್ದೆವು. ಈ ವರ್ಷ ಹಾಡಿಲ್ಲ. ಒಬ್ಬಳ ಬುಟ್ಟಿಯನ್ನು ಇನ್ನೊಬ್ಬಳು ಓರೆಗಣ್ಣಿನಿಂದ ನೋಡುವುದೇ ಆಯಿತು. ಊಟದ ಹೊತ್ತಿನಲ್ಲಿ ಗಂಡಸರು ತಮ್ಮ ತಮ್ಮ ಬಾಟಲಿಯ ಬಾಯಿಗೆ ಅಂಗೈ ಮುಚ್ಚಿಕೊಂಡು ಕೂರುತ್ತಾರೆ. ಯಾಕೆ ಅಂತ ಹೇಳುತ್ತೇನೆ, ಕೇಳು.

ಚಳಿಗಾಲದಲ್ಲಿ ಧಣಿ ಒಬ್ಬ ವೈನ್ ಪಂಡಿತನನ್ನು ಕರೆಸಿದ. ಕತ್ತಿಗೆ ರೇಷ್ಮೆ ವಸ್ತ್ರ, ಕಾಲಿಗೆ ಕೆಸರು ತಾಗದ ಬೂಟು. ನಮ್ಮ ವೈನನ್ನು ಬಾಯಿಗೆ ಹಾಕಿಕೊಂಡ, ಮುಕ್ಕಳಿಸಿದ, ಉಗಿದ. ನಾವು ಬೆವರು ಬಸಿದು ಮಾಡಿದ್ದನ್ನು ಉಗಿಯುವುದಕ್ಕೆ ಅವನಿಗೆ ಸಂಬಳ. ಉಗಿದು ಹೇಳಿದನಂತೆ: ನಿಮ್ಮೂರ ಹೆಸರು ಹೊತ್ತ ಸೊರ್ಬಾರಾ ಕುಲೀನ ದ್ರಾಕ್ಷಿ, ತೆಳು ಗುಲಾಬಿ ಬಣ್ಣ, ನೇರಳೆ ಹೂವಿನ ಘಮ, ಅದರ ಜೊತೆ ಆ ಕಪ್ಪು, ಒರಟು ಸಾಲಮೀನೊ ಬೆರೆಸಿ ಕುಲ ಕೆಡಿಸಿದ್ದೀರಿ, ಇನ್ನು ಮೇಲೆ ಲೇಬಲ್ಲಿನ ಮೇಲೆ ‘ಶುದ್ಧ’ ಎಂದು ಬರಬೇಕು, ತೋಟವೂ ಶುದ್ಧವಾಗಬೇಕು.

ಶುದ್ಧ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಹರಳೆಣ್ಣೆಯ ವಾಸನೆ ಬರುತ್ತದೆ. ನಿನ್ನ ಅಜ್ಜನನ್ನು ಕುರ್ಚಿಗೆ ಕಟ್ಟಿ ಫ್ಯಾಸಿಸ್ಟರ ಕಪ್ಪಂಗಿಯವರು ಬಾಯಿಗೆ ಹರಳೆಣ್ಣೆ ಹುಯ್ದದ್ದು ಊರನ್ನು ಶುದ್ಧ ಮಾಡುತ್ತೇವೆ ಎಂದೇ. ಆದರೂ ಜನವರಿಯಲ್ಲಿ ಹಾರೆ ಹಿಡಿದು ಆರು ಸಾಲಿಗೊಂದರಂತೆ ಇದ್ದ ಸಾಲಮೀನೊ ಸಾಲುಗಳನ್ನೆಲ್ಲ ಬೇರುಸಹಿತ ಕಿತ್ತವರು ನಾವೇ. ಬೇರೆ ವರ್ಷ ಜನವರಿಯಲ್ಲಿ ಕೂಲಿಯಿಲ್ಲದೆ ಕೈ ಕಟ್ಟಿ ಕೂರುತ್ತಿದ್ದೆವು, ಈ ಸಲ ಕೆಲಸ ಸಿಕ್ಕಿತು. ನಮ್ಮ ಕೂಲಿಗಾರರ ಸಂಘದಲ್ಲಿ ಯಾರೂ ಪ್ರಶ್ನೆ ಎತ್ತಲಿಲ್ಲ.

ತೋಟದ ಹಳೇ ಕೆಲಸಗಾರ ಎರ್ಮೆತೆ ಅಜ್ಜ ಒಬ್ಬನೇ ವಟಗುಟ್ಟಿದ. ಎಂಬತ್ತೆರಡು ವರ್ಷವಾಯಿತು, ಈಗಲೂ ವೈನ್ ನೆಲಮಾಳಿಗೆಯ ಬಾಗಿಲ ಬಳಿ ಬೆಂಚಿನ ಮೇಲೆ ಕೂತು ಬಂದವರಿಗೆ ಬೈಯುವುದೇ ಕೆಲಸ. “ಬಳ್ಳಿಗಳನ್ನ ವಿಧವೆ ಮಾಡ್ತಿದೀರಲ್ರೋ” ಅಂದ. ನಾವು ನಕ್ಕೆವು. ನೀನು ಚಿಕ್ಕವಳಿದ್ದಾಗ ಎಲ್ಮ್ ಮರಕ್ಕೆ ಬಳ್ಳಿ ಹಬ್ಬಿಸುವುದನ್ನು ಮದುವೆ ಮಾಡಿಸೋದು ಎನ್ನುತ್ತಿದ್ದೆವಲ್ಲ, ಆ ಮರಗಳನ್ನು ಕಡಿದು ತಂತಿ ಎಳೆದು ಹತ್ತು ವರ್ಷವಾಯಿತು. ಅಜ್ಜ ಇನ್ನೂ ಆ ಮರಗಳ ಸೂತಕದಲ್ಲೇ ಇದ್ದಾನೆ ಅಂದುಕೊಂಡೆವು. ನಿನ್ನ ರೊಕ್ಕೊ ಮಾತ್ರ ಹಾರೆ ಕೆಳಗಿಟ್ಟು, ಹಾಗಂದ್ರೇನು ಅಜ್ಜ ಎಂದು ಕೇಳಿದ. “ನಿಮ್ಮೂರ ಕಡೆ ಗಂಡಿಲ್ದೆ ಮಕ್ಕಳಾಗ್ತಾವೇನೋ?” ಎಂದ ಮುದುಕ. ಇಡೀ ಗುಂಪು ಹೊಟ್ಟೆ ಹಿಡಿದುಕೊಂಡು ನಕ್ಕಿತು. ರೊಕ್ಕೊನ ತೋಳು ಹಿಡಿದು ಎಳೆದುಕೊಂಡು ಹೋದರು.

ಈಗ ಸಂಕಟಕ್ಕೆ ಬರುತ್ತೇನೆ. ಜೂನ್ ಮೊದಲ ವಾರ ಹೂವು ಬಿಟ್ಟಿತು, ಚೆನ್ನಾಗಿಯೇ ಬಿಟ್ಟಿತು. ಮಳೆಯಿಲ್ಲ, ಬಿರುಗಾಳಿಯಿಲ್ಲ. ಹತ್ತು ದಿನದಲ್ಲಿ ಎಲ್ಲ ಉದುರಿತು. ಉಳಿದಲ್ಲಿ ಸಾಸಿವೆ ಕಾಳಿನಷ್ಟು ಜೊಳ್ಳು. ಕಾಲುವೆಯ ಬದಿಯ ಕೊನೆಯ ಸಾಲು ಮಾತ್ರ ಕಾಯಿ ಕಟ್ಟಿದೆ. ಧಣಿ ಅಂಗಳದಲ್ಲಿ ನಮ್ಮನ್ನೆಲ್ಲ ನಿಲ್ಲಿಸಿ, ಯಾರೋ ಹೂವಿಗೆ ಕಳೆನಾಶಕ ಹೊಡೆದಿದ್ದಾರೆ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಪಂಪಿನಲ್ಲಿ ವಿಷ ಮುಗಿದಿದೆ, ಹೊಡೆದವನು ಯಾರೆಂದು ನೀವೇ ಹೇಳಿದರೆ ಒಳ್ಳೆಯದು ಎಂದ. ಮೊದಲು ನನಗೆ ಅನುಮಾನ ಬಂದದ್ದು ಅವನ ಮೇಲೆಯೇ. ಸಂಘ ಮುರಿಯಲು ತನ್ನ ತೋಟಕ್ಕೆ ತಾನೇ ಬೆಂಕಿ ಇಡುವ ಜಾತಿ ಅದು. ಆಮೇಲೆ ಪಂಡಿತನ ಮೇಲೆ ಬಂತು. ಆಮೇಲೆ ಒಬ್ಬರಾದ ಮೇಲೊಬ್ಬರ ಮೇಲೆ.

ಅಷ್ಟರಲ್ಲಿ ಮಾತು ಹುಟ್ಟಿತು: ಮೂರನೇ ತಾರೀಕು ಸಂಜೆ ಕಾಲುವೆಯ ದಾರಿಯಲ್ಲಿ ರೊಕ್ಕೊ ಬೆನ್ನ ಮೇಲೆ ಔಷಧಿ ಪಂಪು ಹೊತ್ತು ಹೋದದ್ದನ್ನು ಇಬ್ಬರು ಕಂಡಿದ್ದಾರೆ. ಅಂಗಿಯ ಮೇಲೆ ನೀಲಿ ಕಲೆ ಇತ್ತಂತೆ. ಅದು ಭಾನುವಾರ, ಕೆಲಸವಿಲ್ಲದ ದಿನ. ಕೇಳಿದರೆ ಅವನು ಬಾಯಿ ಬಿಡುತ್ತಿಲ್ಲ.

ಮಗಳೇ, ನಾನು ಸಂಘದವಳು. ದಕ್ಷಿಣದಿಂದ ಬಂದವರನ್ನು ಮಣ್ಣುಮುಕ್ಕರು ಎಂದು ಕರೆದವರ ಬಾಯಿ ಮುಚ್ಚಿಸಿದವಳು. ಅವನು ದಕ್ಷಿಣದ ಲುಕಾನಿಯಾದವನು ಎಂದು ಈ ಮಾತು ಆಡುತ್ತಿಲ್ಲ. ನೀವಿಬ್ಬರೂ ಮುಂದಿನ ವಸಂತಕ್ಕೆ ಮದುವೆ ಎಂದುಕೊಂಡಿದ್ದೀರಿ, ಅದೂ ಗೊತ್ತು. ಆದರೆ ತಪ್ಪಿಲ್ಲದವನು ಯಾಕೆ ಸುಮ್ಮನಿರುತ್ತಾನೆ? ಇದು ತಿಳಿಯಾಗುವವರೆಗೆ ಅವನಿಗೆ ಕಾಗದ ಬರೆಯಬೇಡ. ಕಾರ್ಖಾನೆಯಲ್ಲಿ ಕಾರಿನ ಸೀಟು ಹೊಲಿಯುವಾಗ ಬೆರಳು ಜೋಪಾನ.

ನಿನ್ನ ತಾಯಿ,
ಆರ್ಜಿಯಾ

*

ಪ್ರಾದೆಲ್ಲಾ
೭ ಅಕ್ಟೋಬರ್ ೧೯೭೩

ಪ್ರೀತಿಯ ವಾನ್ನಾ,

ಈ ಸಲವೂ ತಡ. ಕೊಯ್ಲು ಇತ್ತು ಎಂದು ನೆಪ ಹೇಳುವ ಹಾಗೂ ಇಲ್ಲ. ಎಂಟು ದಿನದ ಕೊಯ್ಲು ಎರಡೂವರೆ ದಿನಕ್ಕೆ ಮುಗಿಯಿತು. ಗಾಡಿಗಳು ಅರ್ಧ ಖಾಲಿಯಾಗಿಯೇ ನೆಲಮಾಳಿಗೆಗೆ ಹೋದವು. ಕೊಯ್ಲಿನ ಕೊನೆಯ ದಿನದ ಊಟಕ್ಕೆ ಧಣಿ ಬರಲಿಲ್ಲ. ಹಂದಿಕೊಬ್ಬಿನಲ್ಲಿ ಕರಿದ ಉಬ್ಬುರೊಟ್ಟಿ ನಾನೇ ಮಾಡಿದೆ. ಯಾರೂ ಎರಡನೆಯದು ಕೇಳಲಿಲ್ಲ.

ಈ ಕಾಗದ ತಂದವನ ಕೈಯಲ್ಲೇ ಎರಡು ಬಾಟಲಿ ಟೊಮೆಟೊ ಗೊಜ್ಜು ಕಳಿಸಿದ್ದೇನೆ. ನಮ್ಮ ಹಿತ್ತಲಿನದು. ಒಂದನ್ನು ಜೊತೆಯ ಹುಡುಗಿಯರಿಗೆ ಕೊಡು.

ನಿನಗೆ ಬೇರೆ ಯಾರೋ ಹೇಳುವ ಮೊದಲು ನಾನೇ ಹೇಳುತ್ತೇನೆ. ಜುಲೈ ಕೊನೆಯಲ್ಲಿ ಧಣಿ ರೊಕ್ಕೊನನ್ನು ಕೆಲಸದಿಂದ ತೆಗೆದ. ಸಂಘದ ಕಾರ್ಯದರ್ಶಿ ನೆಲ್ಲೊ ಸಭೆ ಕರೆದ. ‘ಜನರ ಮನೆ’ ಎನ್ನುವ ನಮ್ಮ ಸಂಘದ ಭವನದಲ್ಲಿ ಸಭೆ, ಮೂವತ್ತೊಂದು ಮಂದಿ. ವಿಷಯ ಒಂದೇ: ರೊಕ್ಕೊನ ಪರವಾಗಿ ಕೆಲಸ ನಿಲ್ಲಿಸಬೇಕೋ ಬೇಡವೋ. ನೆಲ್ಲೊ ಅವನನ್ನೇ ಎದ್ದು ನಿಲ್ಲಿಸಿ, “ಸಂಗಾತಿ, ಪಂಪು ಯಾಕೆ ಹೊತ್ತಿದ್ದೆ, ಅಷ್ಟು ಹೇಳು ಸಾಕು, ನಾಳೆ ಒಬ್ಬನೂ ತೋಟಕ್ಕೆ ಕಾಲಿಡಲ್ಲ” ಎಂದ. ಅವನು ಟೋಪಿಯನ್ನು ಎರಡು ಕೈಯಲ್ಲಿ ತಿರುಗಿಸುತ್ತ ನಿಂತ. ಹೆಂಗಸರು ಕೂತಿದ್ದ ಕಡೆ ಒಂದು ಸಲ ನೋಡಿದ. “ಹೂವಿಗೆ ನಾನು ಕೈ ಹಚ್ಚಿಲ್ಲ. ಪಂಪಿನ ವಿಷಯ ಕೇಳಬೇಡಿ” ಅಂದ. ಹಿಂದಿನಿಂದ ಯಾರೋ, ಮಣ್ಣು ಮುಕ್ಕಿದ ಬಾಯಿ ಹೇಗೆ ತೆರೆದೀತು ಎಂದರು. ನೆಲ್ಲೊ ಬೈದು ಬಾಯಿ ಮುಚ್ಚಿಸಿದ. ಆಮೇಲೆ ಕೆಲಸ ನಿಲ್ಲಿಸಬೇಕೆನ್ನುವವರು ಕೈ ಎತ್ತಿ ಅಂದ. ಕೈಗಳು ಎದ್ದದ್ದು ನಾಲ್ಕು.

ಮರುದಿನ ಅವನು ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದನಂತೆ. ಜರ್ಮನಿಗೋ ಬೆಲ್ಜಿಯಮ್ಮಿಗೋ, ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಸಂಘ ಸಾಕ್ಷಿ ಇಲ್ಲದೆ ನಿಲ್ಲಲಾರದು ಮಗಳೇ. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನೀನು ಅಳಬೇಡ ಎಂದು ಬರೆಯುವುದಿಲ್ಲ, ಅತ್ತುಬಿಡು. ಆದರೆ ಊಟ ಬಿಡಬೇಡ.

ನಿನ್ನ ತಾಯಿ,
ಆರ್ಜಿಯಾ

*

ಪ್ರಾದೆಲ್ಲಾ
೧೬ ಜೂನ್ ೧೯೭೪

ನನ್ನ ವಾನ್ನಾ,

ಎಂಟು ತಿಂಗಳಾಯಿತು. ಇಷ್ಟು ತಡಕ್ಕೆ ಕ್ಷಮೆ ಕೇಳುವುದೂ ನಾಚಿಕೆಗೇಡು. ಅಕ್ಟೋಬರಿನಲ್ಲಿ ನೀನು ಬರೆದ ಚೀಟಿಯಲ್ಲಿ ಇದ್ದದ್ದು ಎರಡೇ ಸಾಲು. ಗೊಜ್ಜು ಚೆನ್ನಾಗಿತ್ತು. ಸಭೆಯಲ್ಲಿ ನೀನು ಮಾತಾಡಿದೆಯಾ ಅಮ್ಮಾ? ಅಷ್ಟೇ. ಆ ಎರಡನೆಯ ಸಾಲಿಗೆ ಉತ್ತರ ಬರೆಯಲು ನೂರು ಸಲ ಕೂತೆ, ನೂರು ಸಲವೂ ಒಲೆ ಹಚ್ಚಬೇಕು ಎಂದು ಎದ್ದೆ. ಇವತ್ತು ಏಳುವುದಿಲ್ಲ.

ಏಪ್ರಿಲಿನಲ್ಲಿ ಮಿಲಾನೊದಿಂದ ಹನ್ನೆರಡು ಜನ ವ್ಯಾಪಾರಿಗಳು ಬಂದರು. ‘ಶುದ್ಧ ಸೊರ್ಬಾರಾ’ದ ಮೊದಲ ಬಾಟಲಿಗಳ ಔತಣ. ಅಡುಗೆಗೆ ನಾನೇ. ಪಂಡಿತ ಯಾವ ತಟ್ಟೆಯ ಜೊತೆ ಯಾವ ಲೋಟ ಎಂದು ದಪ್ಪ ರಟ್ಟಿನ ಮೇಲೆ ಅಚ್ಚು ಹಾಕಿಸಿದ್ದ. ಹುರಿದ ಹಂದಿಗೆ ಇದು ಯಾಕೆ ಹೊಂದುತ್ತದೆ ಎಂದು ಅರ್ಧ ಗಂಟೆ ಉಪದೇಶ ಕೊಟ್ಟ. ನಮ್ಮ ಹಿರಿಯರು ಉಪದೇಶವಿಲ್ಲದೆ ಕಂಡುಕೊಂಡದ್ದು ಅದು: ಕೊಬ್ಬು ನಾಲಿಗೆಗೆ ಅಂಟುತ್ತದೆ, ಸೊರ್ಬಾರಾದ ಹುಳಿ ನಿಂಬೆ ಹಿಂಡಿದ ಹಾಗೆ ಅದನ್ನು ತೊಳೆಯುತ್ತದೆ, ಮತ್ತೆ ಒಂದು ತುಂಡು ತಿನ್ನಬಹುದು. ಇನ್ನೊಂದು ಅಪ್ಪಣೆಯೂ ಇತ್ತು. ಸಾರಿಗೆ ವೈನ್ ಹುಯ್ದು ಕುಡಿಯುವ ನಿಮ್ಮ ಗಲೀಜು ಅಭ್ಯಾಸ ಅತಿಥಿಗಳ ಕಣ್ಣಿಗೆ ಬೀಳಬಾರದು.

ನನ್ನ ಅಡುಗೆಮನೆಯಲ್ಲಿ ನನಗೆ ಅಪ್ಪಣೆ ಕೊಡುವವರು ಹುಟ್ಟಿಲ್ಲ. ಬಾಗಿಲು ಮುಂದೆ ಮಾಡಿ, ಒಂದು ಬಟ್ಟಲಿಗೆ ಕೋಳಿಸಾರು ಬಡಿಸಿಕೊಂಡು, ಅವರ ಶುದ್ಧ ವೈನನ್ನು ಎರಡು ಬೆರಳಷ್ಟು ಹುಯ್ದೆ. ಸೊರ್ಬಾರಾ ಬಿದ್ದರೆ ಸಾರು ಹೇಗಾಗುತ್ತದೆ, ನಿನಗೆ ಗೊತ್ತು, ನಾಚಿಕೊಂಡವಳ ಕೆನ್ನೆಯ ಹಾಗೆ. ಇದು ಶಾಯಿಯಾಯಿತು. ಮೇಲೆ ತೇಲುವ ಕೊಬ್ಬಿನ ಕಣ್ಣುಗಳು ಕೂಡ ಕಡುನೀಲಿ. ನಲವತ್ತು ವರ್ಷ ಈ ಸಾರು ಕುಡಿದವಳು ನಾನು. ಅದು ಸಾಲಮೀನೊ. ನಾವು ಬೇರುಸಹಿತ ಕಿತ್ತು ಒಲೆಗೆ ಹಾಕಿದ ಅದೇ ಸಾಲಮೀನೊ.

ನೆಲಮಾಳಿಗೆಯಲ್ಲಿ ಕೆಲಸ ಮಾಡುವ ನೆಲ್ಲೊನನ್ನು ಕರೆದು ಬಟ್ಟಲು ತೋರಿಸಿದೆ. ಅವನು ಅತ್ತಿತ್ತ ನೋಡಿ, ನವೆಂಬರಿನಲ್ಲಿ ಸಾಲಮೀನೊ ಬೆಳೆಯುವ ಕಾರ್ಪಿ ಕಡೆಯಿಂದ ಎರಡು ಟ್ಯಾಂಕರು ಬಂದವು, ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ ಎಂದಿದ್ದರು ಅಂದ. ಸಂಘದ ಕಾರ್ಯದರ್ಶಿಯೇ ಹೀಗೆ. ತೋಟದಲ್ಲಿ ಸೊರ್ಬಾರಾ ಫಲ ಕೊಡಲಿಲ್ಲ, ಅದಕ್ಕೆ ಕುಲಗೆಟ್ಟದ್ದು ಎಂದು ಹೊರಹಾಕಿದ್ದನ್ನೇ ಹೊರಗಿನಿಂದ ತರಿಸಿ ತುಂಬಿ, ಮೇಲೆ ಶುದ್ಧ ಎಂದು ಚೀಟಿ ಅಂಟಿಸಿದ್ದಾರೆ. ಎಲ್ಲ ಕಾಲದಲ್ಲೂ, ಎಲ್ಲ ದೇಶದಲ್ಲೂ ಶುದ್ಧದವರ ಬಾಟಲಿ ತುಂಬುವುದು ಹೀಗೆಯೇ. ಮಿಲಾನೊದವರು ಮೂಗಿನ ಬಳಿ ಲೋಟ ತಿರುಗಿಸಿ, ಕಣ್ಣು ಮುಚ್ಚಿ, ಆಹಾ ಕುಲೀನ ಎಂದರು.

ಹೋದ ವರ್ಷದ ವಿಷವೂ ಧಣಿಯದೇ ಇರಬೇಕು ಎಂದು ಆವತ್ತು ನನಗೆ ಖಾತ್ರಿಯಾಯಿತು. ಅದೂ ತಪ್ಪೇ.

ಈ ಜೂನಿನಲ್ಲಿ ಮತ್ತೆ ಹೂವು ಬಂತು. ಧಣಿ ಇಬ್ಬರು ಕಾವಲುಗಾರರನ್ನು ಇಟ್ಟಿದ್ದ, ಒಂದು ನಾಯಿಯನ್ನೂ ಕಟ್ಟಿದ್ದ. ಪಂಪುಗಳೆಲ್ಲ ಬೀಗದಲ್ಲಿ. ರೊಕ್ಕೊ ಎಲ್ಲೋ ಸಾವಿರ ಮೈಲಿ ದೂರ. ಹತ್ತು ದಿನದಲ್ಲಿ ಮತ್ತೆ ಎಲ್ಲ ಉದುರಿತು. ಮತ್ತೆ ಕಾಲುವೆ ಬದಿಯ ಕೊನೆಯ ಸಾಲು ಮಾತ್ರ ಕಾಯಿ ಕಟ್ಟಿತು. ಆ ಸಾಲಿನಲ್ಲಿ ನಿಂತು ಎದುರು ನೋಡಿದೆ. ಕಾಲುವೆಯ ಆಚೆ, ಹತ್ತು ಹೆಜ್ಜೆಗೆ, ಪಕ್ಕದ ಸಣ್ಣ ಹಿಡುವಳಿಯವನ ತೋಟ. ಪುಟ್ಟ ಪುಟ್ಟ ಸಾಸೇಜು ನೇತುಹಾಕಿದ ಹಾಗೆ ಉದ್ದ ಗೊಂಚಲಿನ ಸಾಲಮೀನೊ.

ನೇರ ಎರ್ಮೆತೆ ಅಜ್ಜನ ಬೆಂಚಿಗೆ ಹೋದೆ. ವಿಧವೆ ಎಂದು ನೀನು ಹೇಳಿದ್ದು ಎಲ್ಮ್ ಮರದ ಮಾತಲ್ಲವೇ ಎಂದು ಕೇಳಿದೆ.

“ಎಲ್ಮು ಊರುಗೋಲು ಕಣೇ. ಊರುಗೋಲನ್ನ ಯಾರಾದ್ರೂ ಗಂಡ ಅಂತಾರಾ? ನಿಮ್ಮ ಹೆಂಗಸರು ಮದ್ವೆ ಮದ್ವೆ ಅಂತ ಹಾಡ್ಕೊಂಡಿದ್ದು, ಅಷ್ಟೇ. ಸೊರ್ಬಾರಾ ಬರೀ ಹೆಣ್ಣು. ಅದರ ಹೂವಲ್ಲಿ ಧೂಳಿದೆ, ಧೂಳಲ್ಲಿ ಜೀವ ಇಲ್ಲ. ಸಾಲಮೀನೊ ಪಕ್ಕದಲ್ಲಿ ನಿಂತು ಗಾಳೀಲಿ ತನ್ನ ಧೂಳು ಕಳಿಸಿದ್ರೇನೇ ಕಾಯಿ. ನಮ್ಮಪ್ಪ ಆರಕ್ಕೊಂದು ಸಾಲು ನೆಟ್ಟಿದ್ದು ಚಂದಕ್ಕಲ್ಲ.”

ಹಾಗಾದರೆ ಬಿಡಿಸಿ ಹೇಳಬಾರದಿತ್ತೇ ಎಂದೆ.

“ಹೇಳ್ದೆ. ನೀವು ನಕ್ರಿ. ಅರ್ಥ ಏನು ಅಂತ ಕೇಳ್ದೋನು ಆ ಹುಡುಗ ಒಬ್ನೇ. ಅವನನ್ನೂ ಎಳ್ಕೊಂಡ್ ಹೋದ್ರಿ.” ನಾನು ಹೊರಡುವಾಗ ಹಿಂದಿನಿಂದ ಮತ್ತೆ ಅಂದ: “ನನ್ನನ್ನ ಸಭೆಗೆ ಯಾರು ಕರೀತಾರೆ? ಬೈಯೋ ಮುದುಕ.”

ವಿಷ ಇರಲಿಲ್ಲ ಮಗಳೇ. ಯಾರೂ ಏನೂ ಹೊಡೆದಿರಲಿಲ್ಲ. ಬಳ್ಳಿಗಳನ್ನು ಕೊಂದವರು ಹಾರೆ ಹಿಡಿದ ನಾವು ಮೂವತ್ತೊಂದು ಜನ, ಧಣಿಯ ಅಪ್ಪಣೆಯಂತೆ, ಹಾಡಹಗಲು.

ಮೊನ್ನೆ ನಾನೇ ಸಭೆ ಕರೆಸಿದೆ. ಅಜ್ಜನನ್ನು ಕುರ್ಚಿಸಮೇತ ಎತ್ತಿಕೊಂಡು ಬಂದು ನಡುವೆ ಕೂರಿಸಿದೆವು. ಅವನು ಹೇಳಿದ, ಎಲ್ಲರೂ ಕೇಳಿದರು, ಈ ಸಲ ಯಾರೂ ನಗಲಿಲ್ಲ. ನೆಲ್ಲೊ, ಆದದ್ದು ಆಯಿತು ಸಂಗಾತಿ, ಒಂದು ವರ್ಷ ಹಳೆಯ ಗಾಯ ಯಾಕೆ ಕೆದಕುವುದು ಎಂದ. ಗಾಯ ಯಾರ ಮೈಮೇಲಿದೆಯೋ ಅವನನ್ನು ಕೇಳದೆ ಹಳೆಯದು ಎಂದು ತೀರ್ಮಾನಿಸುವುದಕ್ಕೆ ನೀನ್ಯಾರು ಎಂದು ಕೇಳಿದೆ. ಟ್ಯಾಂಕರಿನ ಮಾತನ್ನೂ ಅಲ್ಲೇ ಎಲ್ಲರ ಮುಂದೆ ಬಿಚ್ಚಿದೆ. ನೆಲ್ಲೊ ಬಿಳಿಚಿಕೊಂಡ, ಆದರೆ ಹೌದು ಎಂದ. ಆಮೇಲೆ ಒಂದು ಕಾಗದ ಬರೆದೆವು: ರೊಕ್ಕೊ ಲೊಪೊಮೊ ತಪ್ಪಿತಸ್ಥನಲ್ಲ, ಸಂಘ ಅವನಿಗೆ ಅನ್ಯಾಯ ಮಾಡಿದೆ, ಅವನನ್ನು ವಾಪಸು ತೆಗೆದುಕೊಳ್ಳುವವರೆಗೆ ಸೋಮವಾರದಿಂದ ಯಾರೂ ಕತ್ತರಿ ಹಿಡಿಯುವುದಿಲ್ಲ. ಇಪ್ಪತ್ತಾರು ಸಹಿ ಬಿದ್ದಿವೆ. ಮಣ್ಣು ಮುಕ್ಕಿದ ಬಾಯಿ ಎಂದವನ ಸಹಿ ಮೂರನೆಯದು. ಅಜ್ಜ ಹೆಬ್ಬೆಟ್ಟು ಒತ್ತಿದ.

ಆದರೆ ಕಳಿಸುವುದು ಎಲ್ಲಿಗೆ? ಚಳಿಗಾಲದಲ್ಲಿ ಸಂಘ ಅವನ ಊರಿಗೆ ಹಾಕಿದ್ದ ಕಾಗದವೇ ವಿಳಾಸದಾರ ಇಲ್ಲ ಎಂದು ತಿರುಗಿ ಬಂದಿತ್ತು. ನೀನು ನನ್ನ ಮಾತು ಕೇಳಿ ಅವನಿಗೆ ಕಾಗದ ಬರೆಯುವುದನ್ನು ನಿಲ್ಲಿಸಿದೆಯೋ, ಕೇಳದೆ ಬರೆಯುತ್ತಲೇ ಇದ್ದೀಯೋ, ನನಗೆ ತಿಳಿಯದು. ಕೇಳದೇ ಇದ್ದಿರಲಿ ಎಂದು ಈಗ ಬೇಡಿಕೊಳ್ಳುತ್ತಿದ್ದೇನೆ. ವಿಳಾಸ ಗೊತ್ತಿದ್ದರೆ ಸಂಘಕ್ಕೆ ಕಳಿಸು. ನನ್ನ ಹೆಸರಿಗೆ ಬರೆಯಲು ಮನಸ್ಸು ಬಾರದಿದ್ದರೆ ನೆಲ್ಲೊನ ಹೆಸರಿಗೆ ಹಾಕು.

ಒಳ್ಳೆಯದಾಗಲಿ ನನ್ನ ಮಗಳೇ. ನಿನ್ನ ಸೂಜಿ ಮುರಿಯದಿರಲಿ, ಬೆನ್ನು ಬಾಗದಿರಲಿ, ನಿನ್ನ ಮಾತು ಯಾವ ಸಭೆಯಲ್ಲೂ ಗಂಟಲಲ್ಲಿ ಸಿಕ್ಕಿಕೊಳ್ಳದಿರಲಿ. ನಿನ್ನ ಅಪ್ಪ ಇದ್ದಿದ್ದರೆ ಇಷ್ಟೇ ಹರಸುತ್ತಿದ್ದ.

ನಿನ್ನ ತಾಯಿ,
ಆರ್ಜಿಯಾ

ಮತ್ತೊಂದು ಮಾತು. ಇದನ್ನು ಸಭೆಯಲ್ಲಿಯೂ ಹೇಳಿಲ್ಲ. ಸೋಮವಾರ ಹೇಳುತ್ತೇನೆ, ಅದಕ್ಕೂ ಮೊದಲು ನಿನಗೆ ಬರೆಯುತ್ತಿದ್ದೇನೆ. ಆ ಭಾನುವಾರ ಸಂಜೆ ರೊಕ್ಕೊ ಪಂಪು ಹೊತ್ತದ್ದು ನನಗಾಗಿ. ಹಿತ್ತಲ ಟೊಮೆಟೊಗೆ ರೋಗ ಬಿದ್ದಿತ್ತು. ಧಣಿಯ ಪಂಪಿನಲ್ಲಿ ಧಣಿಯ ಮೈಲುತುತ್ತ ಕಲಸಿಕೊಂಡು ಬಂದು ಹೊಡೆದುಕೊಡು ಎಂದು ನಾನೇ ಅವನನ್ನು ಕೇಳಿದ್ದೆ. ಅಂಗಿಯ ಮೇಲಿನ ನೀಲಿ ಅದರದ್ದೇ. ಹಿಂದೆ ಒಮ್ಮೆ ಸೌದೆ ತಂದದ್ದಕ್ಕೆ ನನಗೆ ಎಚ್ಚರಿಕೆಯ ಕಾಗದ ಬಂದಿತ್ತು, ಇನ್ನೊಂದು ಸಲವಾದರೆ ತೋಟದ ಈ ಮನೆ ಬಿಡಬೇಕಿತ್ತು. ಅವನಿಗೆ ಅದು ಗೊತ್ತಿತ್ತು. ಸಭೆಯಲ್ಲಿ ಅವನು ನೋಡಿದ್ದು ಹೆಂಗಸರ ಕಡೆಯಲ್ಲ, ನನ್ನನ್ನು. ನಾನು ಚೀಲದಲ್ಲಿ ಕನ್ನಡಕ ಹುಡುಕುತ್ತಿದ್ದೆ. ನಮ್ಮ ಹಿತ್ತಲಿನಿಂದ ಹೊರಟ ಮೇಲೆ ಸಾಲಿಗೂ ಹೊಡೆದಿರಬಹುದೇನೋ ಎಂದು ನನಗೆ ನಾನೇ ಹೇಳಿಕೊಂಡು ಒಂದು ವರ್ಷ ನಿದ್ದೆ ಮಾಡಿದೆ. ಆ ನಾಲ್ಕು ಕೈಗಳಲ್ಲಿ ನನ್ನದು ಇರಲಿಲ್ಲ.

ಟೊಮೆಟೊ ಆ ವರ್ಷ ಚೆನ್ನಾಗಿ ಬಂದವು. ನೀನು ಚೆನ್ನಾಗಿತ್ತು ಎಂದು ಬರೆದೆಯಲ್ಲ, ಆ ಗೊಜ್ಜು ಅದರದ್ದು.